ದಾವೆ ಹೂಡಿದವಳ ಗಂಡ

ಜನವರಿ ೧೧, ಗುರುವಾರ

ಮಧ್ಯಾಹ್ನ ಕನ್ಸೊಲಾತ ಮನೆಗೆ ಬಂದವಳು ಕೋಟು ಕೂಡ ಬಿಚ್ಚಲಿಲ್ಲ. ಬೂಟಿನ ಹಿಮ ನೆಲದ ಮೇಲೆ ಕರಗಿ ನೀರಾಗುತ್ತಿತ್ತು. "ಇನೇಜಾ ಅಪ್ಪಾ, ನನ್ನನ್ನೇ ಆರಿಸಿದ್ರು," ಅಂದಳು. ಮಗಳ ಹೆಸರು ಹಿಡಿದೇ ನನ್ನನ್ನು ಕರೆಯುತ್ತಾಳೆ. ಗೆದ್ದ ತಂಡದ ನಾಯಕನ ಮುಖ ಅವಳದು.

ನಾವು ಬುರುಂಡಿ ಬಿಟ್ಟು, ರುವಾಂಡಾದ ಕಿಗಾಲಿಯಲ್ಲಿ ಕೆಲವು ವರ್ಷ ತಳ್ಳಿ, ಟೊರಾಂಟೊಗೆ ಬಂದು ಆಶ್ರಯಕ್ಕೆ ಅರ್ಜಿ ಹಾಕಿದವರು. ಅದರ ವಿಚಾರಣೆ ಇನ್ನೂ ಬಂದಿಲ್ಲ. ನಾನು ಬ್ರೆಡ್ಡಿನ ಕಾರ್ಖಾನೆಯಲ್ಲಿ ದುಡಿಯುತ್ತೇನೆ, ಅವಳು ಆಫೀಸುಗಳ ಕಸ ಹೊಡೆಯುತ್ತಾಳೆ. ಇಬ್ಬರ ಸಂಬಳದಲ್ಲೂ ತೆರಿಗೆ ಹಿಡಿಯುತ್ತಾರೆ. ಆದರೆ ಮಕ್ಕಳಿರುವ ಮನೆಗಳಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಭತ್ಯೆ ಮಾತ್ರ ಅರ್ಜಿ ತೀರ್ಮಾನವಾಗದ ನಮ್ಮಂಥವರಿಗೆ ಇಲ್ಲ. ಇದು ಅನ್ಯಾಯ ಎಂದು ಬಡವರ ಪರವಾಗಿ ಪುಕ್ಕಟೆ ವಾದಿಸುವ ಕಾನೂನು ಕೇಂದ್ರವೊಂದು ದಾವೆ ಹೂಡುತ್ತಿದೆ. ದಾವೆಗೆ ಒಬ್ಬ ತಾಯಿ ಬೇಕಾಗಿದ್ದಳು.

"ತಾಯಿಯೇ ಯಾಕೆ? ಮಕ್ಕಳಿಗೆ ಅಪ್ಪ ಇಲ್ವಾ?" ಅಂದೆ.

"ಭತ್ಯೆ ಬರೋದು ತಾಯಿ ಹೆಸರಿಗೆ."

"ಹಾಗಾದ್ರೆ ನಾನ್ಯಾರು?"

"ನೀವು ನನ್ನ ಗಂಡ," ಎಂದು ನಕ್ಕಳು. ತಮಾಷೆಗೇ ಅಂದಿದ್ದು. ಆದರೂ ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ನಮ್ಮೂರು ಬುಜುಂಬುರಾದಲ್ಲಿ ನಾನು ಇಂಥವಳ ಗಂಡ ಎಂದು ಯಾರೂ ಅಂದಿರಲಿಲ್ಲ. ಅವಳೇ ಮೆಥೋಡನ ಹೆಂಡತಿ. ಭಾನುವಾರ ಫುಟ್‌ಬಾಲ್ ಇದ್ದರೆ ಊರಿಗೆ ಊರೇ ರೇಡಿಯೊ ಮುಂದೆ, ರೇಡಿಯೊದೊಳಗೆ ನಾನು. ಅವಳು ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಿದ್ದಳು. ಗಿರಾಕಿಗಳ ಜೊತೆ ಚೌಕಾಸಿ ಮಾಡಲೂ ಅವಳಿಗೆ ಸಂಕೋಚವಿತ್ತು. ನಮ್ಮ ರೇಡಿಯೊ ಕೇಂದ್ರಕ್ಕೆ ಬೆಂಕಿ ಇಟ್ಟವರು ಆಮೇಲೆ ಹೆಸರು ಹಿಡಿದು ಹುಡುಕಿದ್ದು ಯಾರನ್ನು? ನನ್ನನ್ನು. ನಾವು ಇಲ್ಲಿರುವುದೇ ನನ್ನ ದನಿಯಿಂದ. ಈ ದೇಶದ ನ್ಯಾಯಾಲಯಕ್ಕೆ ಮಾತ್ರ ಅವಳ ಹೆಸರು ಬೇಕಂತೆ.

ಇದು ಹೊಟ್ಟೆಕಿಚ್ಚಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ಫೆಬ್ರವರಿ ೩, ಶನಿವಾರ

ವಕೀಲನನ್ನು ನೋಡಿದೆ. ಹೆಸರು ಮೆದೇರೊಸ್, ಪೋರ್ಚುಗೀಸರ ಮನೆತನ. ನನಗಿಂತ ಚಿಕ್ಕವನು, ನನಗಿಂತ ಎತ್ತರ. ಗುಂಗುರು ಕೂದಲು. ನಮಗೆ ಬಾಗಿಲು ತೆರೆದು ಹಿಡಿದ. ನನಗಾಗಿ ಅಲ್ಲ, ಅವಳಿಗಾಗಿ. ನಾನು ಅವಳ ಹಿಂದೆ ಇದ್ದೆ, ಅಷ್ಟೆ.

ಅವಳ ಹೆಸರನ್ನು ಒಂದು ಅಕ್ಷರವೂ ಸೋರದಂತೆ 'ಕನ್ಸೊಲಾತ' ಎನ್ನುತ್ತಾನೆ. ನನ್ನನ್ನು 'ಮೆಥಡ್' ಅಂದ, ಇಂಗ್ಲಿಷಿನಲ್ಲಿ, ಲೆಕ್ಕ ಬಿಡಿಸುವ ಕ್ರಮದ ಹಾಗೆ. "ಮೆಥೋಡ್," ಅಂದೆ. "ಓ, ಕ್ಷಮಿಸಿ, ಮಿಸ್ಟರ್ ಮೆಥಡ್," ಅಂದ.

ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಫ್ರೆಂಚ್ ನೀರು ಕುಡಿದಂತೆ. ಇಂಗ್ಲಿಷ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳೋ ಲೈಬ್ರರಿಯ ಪುಕ್ಕಟೆ ತರಗತಿಗೆ ಹೋಗಿ ಹೋಗಿ ಪಟಪಟ ಕಲಿತುಬಿಟ್ಟಿದ್ದಾಳೆ. ಅವಳೇನೋ ಹೇಳಿದಳು, ಅವನು ನಕ್ಕ, ಅವಳೂ ನಕ್ಕಳು. ನಾನೂ ನಕ್ಕೆ, ಯಾಕೆಂದು ತಿಳಿಯದೆ. ಬಸ್ಸಿನಲ್ಲಿ ಏನದು ಎಂದು ಕೇಳಿದರೆ, "ಅಯ್ಯೋ, ಏನೋ ಒಂದು, ಬಿಡಿ," ಅಂದಳು.

ಸಂಜೆ ಪಾಳಿಯಲ್ಲಿ ಸಾಲ್ವಾತೋರ್ ಸಿಕ್ಕ. ಅವಳ ಚಿಕ್ಕಪ್ಪನ ಮಗ; ನನ್ನ ಜೊತೆಯೇ ಕೆಲಸ. ಅವನ ನಾಲಿಗೆಗೆ ಮೂಳೆಯಿಲ್ಲ. "ಏನ್ ಭಾವ, ಬುಧವಾರ ಅಕ್ಕ ವಕೀಲರ ಜೊತೆ ಕಾಫಿ ಅಂಗಡೀಲಿ ಕೂತಿದ್ಲು. ನಗ್ತಾ ಇದ್ಲಪ್ಪ! ಮದುವೆ ಆದ್ಮೇಲೆ ಅವಳ ಹಲ್ಲು ನಾನು ನೋಡಿದ್ದೇ ಅವತ್ತು."

"ಕೇಸಿನ ಮಾತು ಇರುತ್ತೆ."

"ಇರುತ್ತೆ ಇರುತ್ತೆ. ನಾನೆಲ್ಲಿ ಬೇರೆ ಮಾತು ಅಂದೆ?"

ಬ್ರೆಡ್ಡಿನ ಸಾಲು ಮುಂದೆ ಹೋಗುತ್ತಲೇ ಇತ್ತು. ಸುಟ್ಟವನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಇವತ್ತು ಚೆನ್ನಾಗಿ ಬೆಂದವನ್ನೂ ಎತ್ತಿ ಒಗೆದೆ.

ಫೆಬ್ರವರಿ ೧೯, ಸೋಮವಾರ

ಕನ್ಸೊಲಾತ ಮತ್ತೆ ತಡ. ಇನೇಜಾ, ಅವಳ ತಮ್ಮ ಲಾಂದ್ರಿ ಇಬ್ಬರೂ ಹಸಿವೆಂದು ಅತ್ತರು. ಹುರುಳಿಕಾಯಿಯ ಕೆಂಪು ಬೀಜ ಬೇಯಲು ಇಟ್ಟೆ, ಸೀದುಹೋಯಿತು. ನಾನು ಅಡುಗೆ ಮಾಡುವವನಲ್ಲ, ಇವತ್ತಿನದು ಲೆಕ್ಕಕ್ಕಿಲ್ಲ.

ಮಾರ್ಚ್ ೮, ಶುಕ್ರವಾರ

ಮಹಿಳಾ ದಿನದ ಸಭೆ. ಕನ್ಸೊಲಾತಳ ಕೈಗೆ ಮೈಕು ಕೊಟ್ಟರು.

ಹಿಡಿಯಲು ಬರುವುದಿಲ್ಲ ಅವಳಿಗೆ. ತುಟಿಗೆ ಅಂಟಿಸಿಕೊಂಡಿದ್ದಳು, 'ಪ' ಬಂದಾಗಲೆಲ್ಲ ಪಟಾಕಿ ಹೊಡೆದಂತಾಗುತ್ತಿತ್ತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಗೊತ್ತಿಲ್ಲ. ವಾಕ್ಯದ ನಡುವೆ ನಿಂತುಬಿಡುತ್ತಿದ್ದಳು. ಜನ ಮಾತ್ರ ಆ ನಿಂತ ಕಡೆಯೇ ಹೆಚ್ಚು ಕಿವಿಗೊಟ್ಟರು.

ಅವಳು ಹೇಳಿದ್ದು ಇದು: "ಶಾಲೆಯವರು ಮಕ್ಕಳನ್ನ ಪ್ರವಾಸಕ್ಕೆ ಕರೆದುಕೊಂಡು ಹೋಗೋ ದಿನ ನನ್ನ ಮಗಳಿಗೆ ಹೊಟ್ಟೆನೋವು ಬರುತ್ತೆ. ಮಾರನೇ ದಿನ ಹೋಗಿಬಿಡುತ್ತೆ. ಅದು ಹೊಟ್ಟೆನೋವಲ್ಲ. ಅಮ್ಮನ ಹತ್ರ ದುಡ್ಡು ಕೇಳಬಾರದು ಅಂತ ಅವಳೇ ಕಂಡುಕೊಂಡ ದಾರಿ. ಅವಳಿಗೆ ಒಂಬತ್ತು ವರ್ಷ. ಸುಳ್ಳು ಹೇಳೋದನ್ನ ನಾನು ಕಲಿಸಿಲ್ಲ. ಈ ಕಾಯಿದೆ ಕಲಿಸಿದೆ."

ಸಭೆ ಎದ್ದು ನಿಂತಿತು. ಮೆದೇರೊಸ್ ಎಲ್ಲರಿಗಿಂತ ಮೊದಲು ಎದ್ದ.

ಇನೇಜಾಳ ಹೊಟ್ಟೆನೋವಿನ ಕಥೆ ನನಗೆ ಗೊತ್ತೇ ಇರಲಿಲ್ಲ. ಕಳೆದ ಸಲ ನಾನೇ ಅವಳಿಗೆ ಶುಂಠಿ ಕಷಾಯ ಕುಡಿಸಿದ್ದೆ. ವಕೀಲನಿಗೆ ಗೊತ್ತು, ಊರಿಗೆಲ್ಲ ಗೊತ್ತು, ಹೆತ್ತ ತಂದೆಗೆ ಗೊತ್ತಿಲ್ಲ. ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಕೈ ಕುಲುಕಿ, "ನೀವು ಅವರ ಯಜಮಾನ್ರಾ? ಪುಣ್ಯ ಮಾಡಿದ್ರಿ," ಅಂದಳು. ನನ್ನ ಹೆಸರು ಕೇಳಲಿಲ್ಲ.

ಮಾರ್ಚ್ ೨೪, ಭಾನುವಾರ

ಇವತ್ತು ಬಹಳ ದಿನಗಳ ಮೇಲೆ ಮೈಯಲ್ಲಿ ರಕ್ತ ಹರಿದಂತಾಯಿತು!

ಬ್ರಸೆಲ್ಸಿನಲ್ಲಿ ನಮ್ಮವರು ಇಂಟರ್ನೆಟ್ಟಿನಲ್ಲಿ ನಡೆಸುವ ರೇಡಿಯೊ ಒಂದಿದೆ. ಅಲ್ಲಿನ ಹಳೆಯ ಗೆಳೆಯ ಫೋನ್ ಮಾಡಿ, "ಮೆಥೋಡ್, ನಿನ್ನ ದನಿ ಕೇಳಿ ಯಾವ ಕಾಲ ಆಯ್ತೋ! ಕೆನಡಾದ ಆ ಕೇಸಿನ ಬಗ್ಗೆ ಮಾತಾಡು," ಅಂದ. ಮೊದಲು ಕೇಳಿದ್ದು ಅವಳನ್ನಂತೆ; ಅವಳು ವಕೀಲರನ್ನು ಕೇಳದೆ ಮಾತಾಡೋಲ್ಲ ಅಂದಳಂತೆ. ನಾನು ಯಾರನ್ನು ಕೇಳಬೇಕು?

ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದೆ. ಅಲ್ಲಿ ದನಿ ತುಂಬಿಕೊಂಡು ಕೇಳುತ್ತದೆ. ಅಚ್ಚ ಫ್ರೆಂಚಿನಲ್ಲಿ, ಎಲ್ಲೂ ತಡವರಿಸದೆ. ದಾವೆಯ ಯೋಚನೆ ನನ್ನದೇ ಎಂದೆ. "ನಮ್ಮನ್ನು ಭಿಕ್ಷುಕರೆಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ನಿಮ್ಮ ಹತ್ತಿರದ ಲಿಯೇಜಿನಲ್ಲಿರುವ ನನ್ನ ತಮ್ಮ ಕೇಳಿದಷ್ಟು ಕಳಿಸುತ್ತಾನೆ. ನನ್ನ ಮಕ್ಕಳು ರಾಜಕುಮಾರರಂತೆ ಬೆಳೆಯುತ್ತಿದ್ದಾರೆ. ಇದು ಹಣದ ಹೋರಾಟವಲ್ಲ, ಮರ್ಯಾದೆಯ ಹೋರಾಟ," ಎಂದು ಮುಗಿಸಿದೆ. ಗೆಳೆಯ ಆ ಕಡೆಯಿಂದ ಚಪ್ಪಾಳೆ ತಟ್ಟಿದ. ಸಂಜೆಯೊಳಗೆ ಎಷ್ಟೊಂದು ಸಂದೇಶಗಳು! 'ಅಣ್ಣಾ, ಅದೇ ಗಂಟಲು!'

ಕನ್ಸೊಲಾತಳಿಗೆ ಹೇಳಲಿಲ್ಲ. ಅವಳೇನು ಎಲ್ಲವನ್ನೂ ನನಗೆ ಹೇಳುತ್ತಾಳೆಯೇ?

ಮೇ ೧೫, ಬುಧವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಸರ್ಕಾರದ ವಕೀಲರು ಕನ್ಸೊಲಾತಳನ್ನು ಪ್ರಶ್ನೆ ಮಾಡುವ ದಿನ. ನ್ಯಾಯಾಲಯದಲ್ಲಲ್ಲ, ಪೇಟೆಯ ಎತ್ತರದ ಕಟ್ಟಡವೊಂದರ ಕೋಣೆಯಲ್ಲಿ. ಆಡಿದ ಮಾತೆಲ್ಲ ಟೈಪು ಮಾಡಿಕೊಳ್ಳಲು ಒಬ್ಬಳು ಕೂತಿದ್ದಳು. ನಾನೂ ಬರುತ್ತೇನೆಂದು ಹಟ ಮಾಡಿದ್ದೆ. ಮೆದೇರೊಸ್ ಪಕ್ಕದಲ್ಲಿ ಅವಳು ದಿನವಿಡೀ ಹೇಗಿರುತ್ತಾಳೆಂದು ಕಣ್ಣಾರೆ ನೋಡಬೇಕಿತ್ತು. ಗೋಡೆಯ ಬದಿ ಕೂರಲು ಬಿಟ್ಟರು.

ಸರ್ಕಾರದ ವಕೀಲೆ ಬಿಳಿಗೂದಲಿನ ಹೆಂಗಸು; ಮಾತು ಬೆಣ್ಣೆಯಂತೆ. ಬೆಳಿಗ್ಗೆಯೆಲ್ಲ ಬಾಡಿಗೆ, ಬಟ್ಟೆ, ಶಾಲೆ ಅಂತ ಕೇಳಿದಳು. ಊಟದ ನಂತರ, "ನಿಮ್ಮ ಪತಿಯ ದನಿ ಗುರುತು ಹಿಡಿಯುತ್ತೀರಾ?" ಎಂದಳು.

ಮೇಜಿನ ಮೇಲಿನ ಕಂಪ್ಯೂಟರಿನಿಂದ ನಾನು ಮಾತಾಡತೊಡಗಿದೆ. ಯಾವುದಕ್ಕೂ ಕೊರತೆಯಿಲ್ಲ. ತಮ್ಮ ಕೇಳಿದಷ್ಟು ಕಳಿಸುತ್ತಾನೆ. ರಾಜಕುಮಾರರಂತೆ. ನನ್ನ ಜನ್ಮದಲ್ಲಿ ನನ್ನ ದನಿ ಅಷ್ಟು ಉದ್ದವಾಗಿ ಕೇಳಿಸಿದ್ದೇ ಇಲ್ಲ.

ಮೆದೇರೊಸ್ ನನ್ನತ್ತ ತಿರುಗಿ ನೋಡಿದ. ಕನ್ಸೊಲಾತ ತಿರುಗಲಿಲ್ಲ. ನನಗೆ ಕಂಡದ್ದು ಅವಳ ಕುತ್ತಿಗೆಯ ಹಿಂಭಾಗ ಮಾತ್ರ.

"ಹಾಗಾದರೆ ಯಾರು ಸುಳ್ಳು ಹೇಳುತ್ತಿದ್ದಾರೆ, ಅಮ್ಮಾ? ನೀವೋ, ಅವರೋ?"

ಅವಳು ನೀರು ಕುಡಿದಳು. ಆಮೇಲೆ ಹೇಳಿದಳು: "ನನ್ನ ಗಂಡ ರೇಡಿಯೊದಲ್ಲಿ ಫುಟ್‌ಬಾಲ್ ಆಟ ಹೇಳ್ತಿದ್ದವರು. ಒಂದು ಸಲ ನಮ್ಮೂರಿನ ತಂಡ ನಾಲ್ಕು ಗೋಲು ತಿಂದಿತ್ತು, ಆಟ ಮುಗೀತಾ ಬಂದಿತ್ತು. ಇವರು ಮಾತ್ರ 'ಇನ್ನೂ ಹೊತ್ತಿದೆ, ಚೆಂಡು ನಮ್ಮ ಕಾಲಲ್ಲಿದೆ' ಅಂತಾನೇ ಇದ್ರು. ಮನೇಲಿ ಕೇಳ್ತಿದ್ದವರು ಯಾರೂ ರೇಡಿಯೊ ಆರಿಸಲಿಲ್ಲ. ಅವರ ತಮ್ಮ ಏನೂ ಕಳಿಸಲ್ಲ. ಅವರು ಹೇಳಿದ್ದು ನಿಜ ಅಲ್ಲ. ಸೋಲ್ತಾ ಇದೀವಿ ಅನ್ನೋದು ಆ ಮನುಷ್ಯನ ಬಾಯಲ್ಲಿ ಬರೋದೇ ಇಲ್ಲ, ಅಷ್ಟೆ."

ಟೈಪು ಮಾಡುತ್ತಿದ್ದ ಹುಡುಗಿ ಅದನ್ನೂ ಒಂದಕ್ಷರ ಬಿಡದೆ ಟೈಪು ಮಾಡಿಕೊಂಡಳು.

ಮೇ ೧೬, ಗುರುವಾರ

ಕನ್ಸೊಲಾತ ನಿನ್ನೆ ಮಕ್ಕಳ ಜೊತೆ ಮಲಗಿದಳು.

ಮೇ ೧೮, ಶನಿವಾರ

ಕೊನೆಗೂ ಜಗಳವಾಯಿತು. ಮಕ್ಕಳನ್ನು ಸಾಲ್ವಾತೋರ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಅಂದಳು.

"ನೀನು ಎಲ್ಲಾದಕ್ಕೂ ಅವನನ್ನ ಕೇಳ್ತೀಯಲ್ಲ. ನಾನೂ ಅವನನ್ನೇ ಕೇಳಬೇಕಿತ್ತಾ?"

"ಯಾರನ್ನ?"

"ಆ ಗುಂಗುರು ಕೂದಲಿನವನನ್ನ. ಕಾಫಿ ಕುಡಿಸ್ತಾನಲ್ಲ, ನಗಿಸ್ತಾನಲ್ಲ, ಅವನನ್ನ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕೂತುಬಿಟ್ಟಳು.

"ಆ ಮನುಷ್ಯನ ಹತ್ರ ಗಂಟೆಗಟ್ಟಲೆ ನಾನು ಏನು ಮಾತಾಡ್ತೀನಿ ಗೊತ್ತಾ ನಿಮಗೆ? ಮನೇಲಿ ಏನೇನು ಇಲ್ಲ ಅಂತ. ಯಾವ ಚಳಿಗಾಲದಲ್ಲಿ ಯಾರಿಗೆ ಬೂಟಿರಲಿಲ್ಲ, ಯಾವ ವಾರ ಅಕ್ಕಿ ಮುಗಿದಿತ್ತು, ಲಾಂದ್ರಿಗೆ ಹಲ್ಲುನೋವು ಬಂದಾಗ ಎಷ್ಟು ದಿನ ಲವಂಗ ಇಟ್ಟು ತಳ್ಳಿದ್ವಿ. ಎಲ್ಲಾನೂ ಬಿಚ್ಚಿ ಬಿಚ್ಚಿ ಮೇಜಿನ ಮೇಲೆ ಇಡ್ತೀನಿ. ಪರ ಗಂಡಸಿನ ಮುಂದೆ. ನಾಚಿಕೆ ಆಗಲ್ವಾ ನನಗೆ? ನಗ್ತೀನಿ, ಯಾಕಂದ್ರೆ ನಗದೇ ಇದ್ರೆ ಅಲ್ಲೇ ಅತ್ತುಬಿಡ್ತೀನಿ. ಇದನ್ನ ನೀವು ಪ್ರೀತಿ ಅಂತೀರಾ, ಇನೇಜಾ ಅಪ್ಪಾ?"

ಯಾರೂ ಮಾತಾಡದ ಹೊತ್ತನ್ನು ರೇಡಿಯೊದಲ್ಲಿ 'ಸತ್ತ ಗಾಳಿ' ಎನ್ನುತ್ತಿದ್ದೆವು. ಅದಕ್ಕೆ ಅವಕಾಶ ಕೊಟ್ಟವನ ಕೆಲಸ ಹೋಗುತ್ತಿತ್ತು.

"ವಕೀಲರು ನಿಮ್ಮ ಹೇಳಿಕೆ ಬೇಕು ಅಂತಿದ್ದಾರೆ," ಅಂದಳು. "ರೇಡಿಯೊದಲ್ಲಿ ಹೇಳಿದ್ದು ಸುಳ್ಳು ಅಂತ ನೀವೇ ಪ್ರಮಾಣ ಮಾಡಿ ಹೇಳಬೇಕು. ಇಲ್ಲದಿದ್ರೆ ಕೇಸು ನಿಲ್ಲಲ್ಲ. ನಾನು ಬಲವಂತ ಮಾಡಲ್ಲ."

ಮೇ ೨೮, ಮಂಗಳವಾರ

ಕಾನೂನು ಕೇಂದ್ರಕ್ಕೆ ಹೋದೆ. ಒಬ್ಬನೇ. ಮೆದೇರೊಸ್ ಬಾಗಿಲು ತೆರೆದು ಹಿಡಿದ. ಈ ಸಲ ನನಗೇ, ಬೇರೆ ಯಾರೂ ಇರಲಿಲ್ಲವಲ್ಲ. ಫ್ರೆಂಚ್ ಬಲ್ಲ ಸಹೋದ್ಯೋಗಿಯನ್ನೂ ಕೂರಿಸಿಕೊಂಡಿದ್ದ.

"ನಿಮ್ಮ ಹೆಸರು ಸರಿಯಾಗಿ ಹೇಗೆ ಹೇಳಬೇಕು? ಮೊದಲ ದಿನವೇ ತಪ್ಪು ಹೇಳಿಬಿಟ್ಟೆ," ಅಂದ. ಹೇಳಿಕೊಟ್ಟೆ. ಮೂರನೇ ಸಲಕ್ಕೆ ಬಂತು.

ಆಮೇಲೆ ಕೇಳಿದ: "ಮಕ್ಕಳಿಗೆ ಕೊಡಬೇಕು ಅನ್ನಿಸಿ ಕೊಡಲಾಗದೆ ಹೋದದ್ದು ಏನಾದರೂ?"

ಒಂದೆರಡು ಮಾತು ಹೇಳಿ ಎದ್ದುಬಿಡೋಣ ಎಂದು ಹೋಗಿದ್ದೆ. ಆದರೆ ಚೆಂಡಿನ ಕಥೆ ಬಾಯಿಗೆ ಬಂತು. ಲಾಂದ್ರಿ ತನ್ನ ಹುಟ್ಟುಹಬ್ಬಕ್ಕೆ ಚೆಂಡು ಕೇಳಿದ್ದ. ನಾನು ಕಾರ್ಖಾನೆಯ ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ದಾರ ಕಟ್ಟಿ, ನಮ್ಮೂರಿನಲ್ಲಿ ಮಕ್ಕಳು ಮಾಡಿಕೊಳ್ಳುತ್ತಾರಲ್ಲ, ಅಂಥದ್ದು ಮಾಡಿಕೊಟ್ಟೆ. ಅವನು ಖುಷಿಯಿಂದ ಪಾರ್ಕಿಗೆ ಒಯ್ದ. ಅಲ್ಲಿದ್ದ ಹುಡುಗರು ಕಸವೆಂದು ತಿಳಿದು ಎತ್ತಿ ತೊಟ್ಟಿಗೆ ಹಾಕಿದರು. ಅವರು ಕೆಟ್ಟ ಹುಡುಗರಲ್ಲ. ಪಾರ್ಕು ಚೊಕ್ಕಟ ಮಾಡಿದರು, ಅಷ್ಟೆ. ಲಾಂದ್ರಿ ಅದು ತನ್ನದೆಂದು ಹೇಳಲೇ ಇಲ್ಲ. ಅದನ್ನೂ ಹೇಳಿದೆ. ಲಿಯೇಜಿನ ತಮ್ಮ ನನ್ನ ಫೋನು ಎತ್ತುವುದನ್ನೇ ಬಿಟ್ಟಿದ್ದಾನೆ ಎಂಬುದನ್ನೂ ಹೇಳಿದೆ. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು. ಬರೆದುಕೊಳ್ಳುತ್ತಿದ್ದವನು ಮುಂದೆ ಬಾಗಬೇಕಾಯಿತು.

ಸಹಿ ಹಾಕಿಸಿಕೊಂಡರು. ನನ್ನ ಹೇಳಿಕೆ ತೀರ ತೆಳ್ಳಗಿದೆ. ಅವಳದು ಇಟ್ಟಿಗೆಯಷ್ಟು ದಪ್ಪ! ಇನ್ನೂ ಕೇಳಿದ್ದರೆ ಹೇಳಲು ಎಷ್ಟೋ ಇತ್ತು, ಕೇಳಲಿಲ್ಲ.

ಸೆಪ್ಟೆಂಬರ್ ೯, ಸೋಮವಾರ

ಬರೆಯಲು ಹೊತ್ತೇ ಸಿಗುವುದಿಲ್ಲ. ಇನೇಜಾಳ ಜಡೆ ದಿನಾ ನನ್ನ ಪಾಲಿಗೆ ಬಂದಿದೆ. ಎಡಗಡೆಯದು ಸೊಟ್ಟ ಎಂದು ರಾಗ ಎಳೆಯುತ್ತಾಳೆ. ಬೀಜ ಬೇಯಿಸುವಾಗ ಉಪ್ಪು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ಗಟ್ಟಿಯಾಗುತ್ತದೆ. ಇದನ್ನು ಕನ್ಸೊಲಾತ ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದಳು.

ಅಕ್ಟೋಬರ್ ೨೨, ಮಂಗಳವಾರ

ನ್ಯಾಯಾಲಯದಲ್ಲಿ ವಾದ ನಡೆಯಿತು. ಮೆದೇರೊಸ್ ಚೆನ್ನಾಗಿ ಮಾತಾಡಿದ, ಒಪ್ಪುತ್ತೇನೆ. ಆದರೆ ವಾಕ್ಯದ ಕೊನೆಯನ್ನು ನುಂಗುತ್ತಾನೆ. ನನ್ನ ಹೇಳಿಕೆಯನ್ನು ಓದಿ ಹೇಳಿದ. ನ್ಯಾಯಾಧೀಶರು ತಲೆ ಎತ್ತಿ ಕೇಳಿಸಿಕೊಂಡರು.

ನನಗೆ ಬೇಸರವಾದದ್ದು ಬೇರೆಯದಕ್ಕೆ. ಕೇಸು ನೋಡಲು ಬಂದ ಹೆಂಗಸರೆಲ್ಲ, ಕಾಂಗೊದವರು, ನೈಜೀರಿಯಾದವರು, ಹೈಟಿಯವರು, ಅವಳ ಎರಡೂ ಕಡೆ ಕೂತುಬಿಟ್ಟರು. ಒಬ್ಬಳು ಎಡಗೈ ಹಿಡಿದಳು, ಇನ್ನೊಬ್ಬಳು ಬಲಗೈ. ಗಂಡನಿಗೆ ಹಿಂದಿನ ಸಾಲು. ಇಡೀ ದಿನ ಅವಳಿಗೆ ನಾನು ಅಲ್ಲಿದ್ದೇನೆಂದು ಗೊತ್ತಾಯಿತೋ ಇಲ್ಲವೋ. ಬುತ್ತಿಯ ಡಬ್ಬಿ ಮುಂದಕ್ಕೆ ದಾಟಿಸಿದೆ. ಅದನ್ನೂ ಆ ಹೆಂಗಸರಿಗೆಲ್ಲ ಹಂಚಿಬಿಟ್ಟಳು.

ನವೆಂಬರ್ ೧೪, ಗುರುವಾರ

ನಮ್ಮ ಆಶ್ರಯದ ಅರ್ಜಿ ಒಪ್ಪಿಗೆಯಾಯಿತು! ನಮ್ಮನ್ನು ಇನ್ನು ಯಾರೂ ವಾಪಸ್ ಕಳಿಸುವಂತಿಲ್ಲ. ಕನ್ಸೊಲಾತ ನೆಲದ ಮೇಲೆ ಕೂತು ಅತ್ತಳು. ಲಾಂದ್ರಿ, "ಅಮ್ಮ ಸೋತಳಾ?" ಎಂದು ಕೇಳಿದ.

ಇನ್ನು ಮುಂದೆ ಮಕ್ಕಳ ಭತ್ಯೆಯೂ ಬರುತ್ತದೆ. ಸಾಲ್ವಾತೋರ್ ಬಾಳೆಹಣ್ಣಿನ ಬಿಯರ್ ಎಲ್ಲಿಂದಲೋ ಹಿಡಿದು ತಂದ. "ಸರಿ ಹೋಯ್ತಲ್ಲ ಭಾವ. ಇನ್ನೇನು, ಕೇಸು ಬಿಟ್ಟಾಕಿ. ವಕೀಲಪ್ಪನಿಗೂ ಒಂದು ನಮಸ್ಕಾರ ಹಾಕಿ ಕಳಿಸಿ," ಎಂದು ಕಣ್ಣು ಹೊಡೆದ.

ನಾನೂ ಅದನ್ನೇ ಬಯಸುತ್ತಿದ್ದೆ, ಜನವರಿಯಿಂದ. ಆದರೆ ಬಾಯಿಗೆ ಬಂದದ್ದು, "ಕೋರ್ಟಲ್ಲಿ ಇವಳ ಪಕ್ಕ ಕೂತಿದ್ದ ಕಾಂಗೊ ಹೆಂಗಸಿಗೆ ಇನ್ನೂ ವಿಚಾರಣೆ ಬಂದಿಲ್ಲ, ಮೂರು ಮಕ್ಕಳು. ಬಿಟ್ಟಾಕಿ ಅಂದ್ರೆ ಹೇಗಯ್ಯ?" ಬಿಯರ್ ಜಾಸ್ತಿಯಾಗಿತ್ತೋ ಏನೋ.

ಜನವರಿ ೩೧, ಶುಕ್ರವಾರ

ಸೋತೆವು. ಯಾರಿಗೆ ಭತ್ಯೆ ಕೊಡಬೇಕೆಂದು ಗೆರೆ ಎಳೆಯುವ ಅಧಿಕಾರ ಸರ್ಕಾರದ್ದು ಎಂದು ತೀರ್ಪು. ಹೇಳಿಕೆಗಳನ್ನು ನಂಬಿದ್ದಾಗಿಯೂ, ಆ ಕುಟುಂಬದ ಕಷ್ಟ ನಿಜವೆಂದೂ ಬರೆದಿದ್ದಾರೆ. ನಂಬಿ ಸೋಲಿಸಿದರು.

ಕಾನೂನು ಕೇಂದ್ರದಲ್ಲಿ ಎಲ್ಲರೂ ಸೇರಿದ್ದೆವು. ಮೆದೇರೊಸ್ ಮುಖ ಕೈಯಲ್ಲಿ ಹಿಡಿದು ಕೂತಿದ್ದ. ಕನ್ಸೊಲಾತ ಹೋಗಿ ಅವನ ಭುಜದ ಮೇಲೆ ಕೈಯಿಟ್ಟಳು. ನಾನು ನೋಡಿದೆ. ಸಾಕಷ್ಟು ಹೊತ್ತು ಇಟ್ಟಳು. ಎದೆ ಚುರ್ ಎಂದಿತು, ಇಲ್ಲ ಎನ್ನುವುದಿಲ್ಲ.

"ಮೇಲಿನ ನ್ಯಾಯಾಲಯ ಇದೆ," ಅಂದ ಅವನು. "ಆದರೆ ಒಂದು ಮನೆಯ ಕಥೆ ಸಾಲದು. ನಿಮ್ಮ ಜೊತೆ ಇನ್ನಷ್ಟು ಕುಟುಂಬಗಳು ಹೇಳಿಕೆ ಕೊಡಬೇಕು. ಜನ ಹೆದರುತ್ತಾರೆ, ಹೇಳಿಕೆ ಕೊಟ್ಟರೆ ಅರ್ಜಿಗೆ ತೊಂದರೆ ಅಂದುಕೊಂಡಿದ್ದಾರೆ."

"ನಮ್ಮ ಕಿರುಂಡಿ ಮಾತಾಡೋರ ಮನೆ ನನಗೆ ಬಿಡಿ," ಅಂದೆ. "ಸ್ವಾಹಿಲಿಯವರದ್ದೂ."

ಎಲ್ಲರೂ ನನ್ನತ್ತ ತಿರುಗಿದರು. ಕನ್ಸೊಲಾತ ಮಾತ್ರ ಮೊದಲು ಮೆದೇರೊಸ್‌ನ ಮುಖ ನೋಡಿದಳು, ಅವನು ಒಪ್ಪಿದನೋ ಎಂದು. ಆಮೇಲೆ ನನ್ನದು.

ಫೆಬ್ರವರಿ ೨೭, ಗುರುವಾರ

ಕೆಲಸಕ್ಕೆ ಹೊರಡುವ ಮುಂಚೆ ನಾಲ್ಕು ಸಾಲು. ಈ ವಾರ ಹೋದ ಮನೆಗಳಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಜನರ ಮನೆಯಲ್ಲಿ ದನಿ ಎತ್ತಬಾರದು. ಸುಮ್ಮನೆ ಕೂತರೆ ಅವರೇ ಹೇಳುತ್ತಾರೆ.

ನಿನ್ನೆ ಹೋದದ್ದು ಲಿಬೆರಾತಳ ಮನೆಗೆ. ನಮ್ಮ ದೇಶದ ಗಿತೇಗಾ ಕಡೆಯವಳು, ಬಂದು ವರ್ಷವಾಗಿಲ್ಲ, ಕೈಯಲ್ಲಿ ಕೂಸು. ಮೊದಮೊದಲು ಬಾಯಿ ಬಿಡಲಿಲ್ಲ. ನಾನು ಸ್ನಾನದ ಕೋಣೆಯಲ್ಲಿ ಕೂತು ಮಾಡಿದ ಭಾಷಣದ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳತೊಡಗಿದಳು, ಬರೆದುಕೊಂಡೆ.

ಅಷ್ಟರಲ್ಲಿ ಅವಳ ಗಂಡ ಒನೆಸಿಮ್ ಬಂದ. ಬಾಗಿಲಲ್ಲೇ ನಿಂತ. ಒಳಗೆ ಬರುವುದಿಲ್ಲ, ಟೋಪಿ ತೆಗೆಯುವುದಿಲ್ಲ.

"ನನ್ನ ಹೆಂಡತಿ ಹತ್ರ ಏನಪ್ಪಾ ಅಷ್ಟು ಮಾತು?" ಅಂದ. "ಹೊರಗಿಂದಲೇ ನಗು ಕೇಳಿಸ್ತಿತ್ತು."

"ಭತ್ಯೆ ವಿಷಯ," ಅಂದೆ.

"ಭತ್ಯೆ ವಿಷಯದಲ್ಲಿ ನಗೋದೇನಿದೆ?"

ಎಂಥ ಮನುಷ್ಯ! ಹೆಂಡತಿ ಮಕ್ಕಳಿಗಾಗಿ ನಾಲ್ಕು ಮಾತಾಡಿದರೆ ಇವನ ಗಂಟೇನು ಹೋಗುತ್ತದೆ? ಅವಳಿಗೆಷ್ಟು ಸಂಕಟ ಇದೆಯೆಂದು ಇವನಿಗೆ ಗೊತ್ತೇ? ಇಂಥ ಅನುಮಾನದ ಪಿಶಾಚಿಗಳನ್ನು ಕಟ್ಟಿಕೊಂಡು ಹೆಂಗಸರು ಹೇಗೆ ಬಾಳುತ್ತಾರೋ ದೇವರೇ ಬಲ್ಲ.

ಮನೆಗೆ ಬಂದು ಕನ್ಸೊಲಾತಳಿಗೆ ಹೇಳಿದೆ. ಅವಳು ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದಳು. "ಹೌದಾ? ಹಾಗಂದನಾ? ಅಯ್ಯೋ ಪಾಪ!" ಎಂದು ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಹಿಟ್ಟು ತಳ ಹಿಡಿಯುತ್ತಿತ್ತು; ನಾನೇ ತಿರುವಿದೆ.

ಶನಿವಾರ ಮತ್ತೆ ಲಿಬೆರಾತಳ ಮನೆಗೆ ಹೋಗಬೇಕು. ಒನೆಸಿಮ್ ಮನೆಯಲ್ಲಿರುವ ಹೊತ್ತಿಗೇ ಹೋಗುತ್ತೇನೆ. ಊರಲ್ಲಿದ್ದಾಗ ಅವನು ಏನು ಕೆಲಸ ಮಾಡುತ್ತಿದ್ದ ಎಂದು ಮೊದಲು ಕೇಳಬೇಕು.